ಒಂದೇ ಮನೆಯ ಎರಡು ಅರ್ಜಿ

ಸಾವಿರದ ಎಂಟುನೂರ ಮೂವತ್ತರ ಚಳಿಗಾಲದ ಕೊನೆಯಲ್ಲಿ, ಕಿಲ್‌ಡೂನಿನ ಅಂಚೆ ಚೀಲ ಹೊರುತ್ತಿದ್ದ ಕಾನ್ ಟೂಹಿ ಎದೆಯ ಕಾಯಿಲೆಯಿಂದ ತೀರಿಕೊಂಡ. ಅವನು ಹಾಸಿಗೆ ಹಿಡಿದಾಗಿನಿಂದಲೇ ಚೀಲ ಹೆಂಡತಿ ಸಬೀನಾಳ ಹೆಗಲಿಗೆ ಬಂದಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಅಂಚೆ ನೋಡಿಕೊಳ್ಳುತ್ತಿದ್ದ ಅಂಗಡಿಯ ಹ್ಯಾಲ್ಪಿನ್ ಸಾಹೇಬರಿಗೂ ಗೊತ್ತಿತ್ತು. ಕಾಯಿಲೆಯ ಮನೆ ಎಂದು ಎಲ್ಲರೂ ಸುಮ್ಮನಿದ್ದರು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಸಬೀನಾ ಎದ್ದು ಶಾಲನ್ನು ಎದೆಗೆ ಅಡ್ಡ ಕಟ್ಟಿಕೊಂಡಾಗ ಮಾತ್ರ ಅತ್ತೆ ಹನೋರಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಎಲ್ಲಿಗೆ?"

"ಅಂಚೆಗೆ, ಅತ್ತೆ."

"ನಿನ್ನೆ ತಾನೇ ಗಂಡನ್ನ ಮಣ್ಣಲ್ಲಿಟ್ಟು ಬಂದಿದೀಯಾ. ಇವತ್ತೂ ಹೋಗ್ಬೇಕಾ?"

"ಯಾರ ಮನೇಲಿ ಸಾವಾಯ್ತು ಅಂತ ಕಾಗದಕ್ಕೇನು ಗೊತ್ತಾಗುತ್ತೆ ಅತ್ತೆ?"

ಹನೋರಾ ಬೂದಿಯೊಳಗಿನಿಂದ ಎರಡು ಆಲೂಗಡ್ಡೆ ಕೆದಕಿ ತೆಗೆದು ಸೊಸೆಯ ಕೈಗೆ ಹಾಕಿದಳು. ಬಿಸಿಗೆ ಅಂಗೈ ಸುಟ್ಟಿತು. ಅದನ್ನೇ ಹಿಡಿದುಕೊಂಡು ಸಬೀನಾ ಹೊರಟಳು.

ದಿನಾ ಬ್ಯಾಲಿನೋರ್ ಪೇಟೆಯ ತನಕ ನಡೆದು, ಎನಿಸ್ ಕಡೆಯಿಂದ ಬರುವ ಅಂಚೆ ಗಾಡಿಗೆ ಊರಿನ ಕಾಗದ ಕೊಟ್ಟು, ಗಾಡಿ ತಂದದ್ದನ್ನು ಹೊತ್ತು ಸಂಜೆಯೊಳಗೆ ಹಿಂತಿರುಗಬೇಕು. ಮೊದಮೊದಲು ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಆಮೇಲೆ ಕಾಲು ದಾರಿಗೆ ಒಗ್ಗಿತು, ಕಾಲಿನ ಹಿಂದೆ ಮನಸ್ಸೂ ಒಗ್ಗಿತು. ಮದುವೆಯಾಗಿ ಬಂದ ಮೇಲೆ ಅವಳು ಕಂಡದ್ದೆಂದರೆ ಒಲೆ, ಹಂದಿಗೂಡು, ಆಲೂಗಡ್ಡೆಯ ಪಾತಿ, ಭಾನುವಾರದ ಪೂಜೆ, ಅಷ್ಟೇ. ಈಗ ಸೇತುವೆ ದಾಟಿ ಏರು ಹತ್ತಿದರೆ ಎಡಗಡೆಗೆ ಕಡಲೇ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ದೂರ ಯಾರೂ 'ಸಬೀನಾ, ನೀರೆಲ್ಲಿ? ಸಬೀನಾ, ಹಂದಿಗೆ ಹಾಕಿದ್ಯಾ?' ಎಂದು ಕೂಗುವವರಿರಲಿಲ್ಲ. ದಾರಿಯುದ್ದಕ್ಕೂ ಮನೆಗಳ ಅರೆಬಾಗಿಲಿನ ಮೇಲೆ ಮೊಣಕೈ ಊರಿ ಹೆಂಗಸರು ಕಾಯುತ್ತಿದ್ದರು. ಒಬ್ಬಳ ಮಗ ಬಾಸ್ಟನ್ನಿನಲ್ಲಿ, ಇನ್ನೊಬ್ಬಳ ಗಂಡ ಗ್ಲಾಸ್ಗೋದಲ್ಲಿ. "ನಮ್ದೇನಾದ್ರೂ ಇದ್ಯಾ, ತಾಯಿ?" ಎಂದು ಕೇಳುವರು. ಓದು ಬಾರದ ಸಬೀನಾ, "ಚೀಲ ಭಾರ ಇದೆ ಇವತ್ತು. ಸಂಜೆ ಅಂಗಡಿ ಹತ್ರ ಬನ್ನಿ" ಎನ್ನುವಳು. ಚೀಲ ಹಗುರವಾಗಿದ್ದ ದಿನವೂ ಅವಳು ಅದನ್ನೇ ಅನ್ನುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಹ್ಯಾಲ್ಪಿನ್ ಸಾಹೇಬರು ಚೀಲ ಇಳಿಸಿಕೊಳ್ಳುತ್ತ ಗಂಟಲು ಸರಿಮಾಡಿಕೊಂಡರು.

"ನೋಡಮ್ಮಾ, ಹೀಗೇ ಎಷ್ಟು ದಿನ ನಡೆಸೋದು? ಈ ಜಾಗ ಕಾನ್ ಹೆಸರಲ್ಲಿತ್ತು, ಈಗ ಖಾಲಿ. ನೇಮಕ ಆಗ್ಬೇಕು. ನೀನು ಡಬ್ಲಿನ್ನಿಗೆ, ಸರ್ಕಾರಕ್ಕೇ ಅರ್ಜಿ ಹಾಕ್ಕೋ. ಕಾನ್‌ದು ಬಾಕಿ ಸಂಬಳ ಇದೆಯಲ್ಲ, ಅದನ್ನೂ ಕೇಳು."

"ಹಾಕಿದ್ರೆ ಕೊಡ್ತಾರಾ?"

"ಕೇಳಿದೋರಿಗೆಲ್ಲ ಕೊಡಲ್ಲ. ಕೇಳ್ದೆ ಇರೋರಿಗಂತೂ ಕೊಡೋದೇ ಇಲ್ಲ."

ಅದೇ ವಾರ ಕಾನ್‌ನ ತಮ್ಮ ಥೇಡಿ ಮನೆಗೆ ಬಂದ. ಅವನು ಊರೂರು ತಿರುಗಿ ಕೂಲಿ ಮಾಡುವವನು. ಸಾವಿನ ಸುದ್ದಿ ಸಿಕ್ಕುವ ಹೊತ್ತಿಗೆ ಎಲ್ಲೋ ಕೆರಿ ಸೀಮೆಯಲ್ಲಿದ್ದನಂತೆ. ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತ, ಅತ್ತಿಗೆಯ ಮುಂದೆ ಟೋಪಿ ತೆಗೆದು ನಿಂತ, ಅಣ್ಣನ ಮಗಳು ಪೆಗ್‌ಗೆ ಸಕ್ಕರೆಯ ಕಡ್ಡಿ ಕೊಟ್ಟ. ಸಂಜೆ ಬುಟ್ಟಿಯ ತುಂಬ ಬೇಯಿಸಿದ ಆಲೂಗಡ್ಡೆ ಸುರಿದು, ನಡುವೆ ಮಜ್ಜಿಗೆಯ ಬಟ್ಟಲಿಟ್ಟು ನಾಲ್ವರೂ ಸುತ್ತ ಕೂತರು.

"ನೀನು ದಾರಿ ಮೇಲೆ ಒಬ್ಳೇ ಓಡಾಡ್ತೀಯಂತೆ, ಅತ್ತಿಗೆ. ಬ್ಯಾಲಿನೋರಲ್ಲಿ ಮಾತಾಡ್ಕೊಳ್ತಿದ್ರು" ಎಂದ ಥೇಡಿ.

"ಏನಂತೆ?"

"ಏನಿಲ್ಲ. ಟೂಹಿ ಮನೆಯ ವಿಧವೆ ಪಾತ್ರೆ ರಿಪೇರಿಯವರ ಥರ ಬೀದಿ ಬೀದಿ ತಿರುಗ್ತಾಳೆ ಅಂತ."

"ಅಂದೋರಿಗೆ ನಾಳೆ ಲಿವರ್‌ಪೂಲಿಂದ ಕಾಗದ ಬರ್ಲಿ, ಆವಾಗ ಇದೇ ವಿಧವೆ ಕಾಲಿಗೆ ಬೀಳ್ತಾರೆ."

ಥೇಡಿ ನಕ್ಕ. ಹನೋರಾ ನಗಲಿಲ್ಲ. "ನಗೋ ಮಾತಲ್ಲ ಇದು" ಎಂದು ಆಲೂಗಡ್ಡೆಯ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುತ್ತ ಕೂತಳು. ಅವಳ ಕಣ್ಣು ಮಗನ ಮೇಲೇ ಇತ್ತು, ಎಷ್ಟು ನೋಡಿದರೂ ಸಾಲದು ಎನ್ನುವ ಹಾಗೆ.

ಅರ್ಜಿ ಬರೆಸಲು ಸಬೀನಾ ಒಂದು ಬುಟ್ಟಿ ಮೊಟ್ಟೆ ತೆಗೆದುಕೊಂಡು ಲಿನ್ನೇನ್ ಮೇಷ್ಟರ ಬಳಿಗೆ ಹೋದಳು. ಅವರದು ಬೇಲಿಯ ಮರೆಯ ಗುಡಿಸಲಿನಲ್ಲಿ ನಡೆಯುವ ಶಾಲೆ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಗರಿಯನ್ನು ಚೂಪು ಮಾಡಿಕೊಂಡು ಅವರು ಕೇಳಿದರು:

"ಮಕ್ಕಳೆಷ್ಟು ಅಂತ ಹಾಕ್ಲಿ? ಆರು?"

"ಒಂದೇ, ಮೇಷ್ಟ್ರೇ. ಪೆಗ್. ನಿಮ್ಮ ಹತ್ರಾನೇ ಬರ್ತಾಳಲ್ಲ."

"ಒಂದಕ್ಕೆ ಯಾರ ಕರುಳೂ ಕರಗಲ್ಲ ಕಣಮ್ಮಾ. ಹೋಗ್ಲಿ, 'ಎಳೆಯ ಸಂಸಾರ' ಅಂತ ಹಾಕ್ತೀನಿ, ಅದು ಸುಳ್ಳಲ್ಲ. ಆಮೇಲೆ... 'ದಿಕ್ಕಿಲ್ಲದ, ರೋಗದಿಂದ ಕೃಶಳಾದ, ಏಳಲೂ ಶಕ್ತಿಯಿಲ್ಲದ ಈ ಅಬಲೆ...'"

"ಅಯ್ಯೋ, ನಿಲ್ಲಿಸಿ! ಏಳೋಕೇ ಆಗ್ದೋಳಿಗೆ ನಡೆಯೋ ಕೆಲಸ ಯಾರು ಕೊಡ್ತಾರೆ?"

ಮೇಷ್ಟರು ಗರಿ ಕೆಳಗಿಟ್ಟರು. "ಅರ್ಜಿ ಅಂದ್ರೆ ಅಳು, ಸಬೀನಾ. ಮೂವತ್ತು ವರ್ಷದಿಂದ ಬರೀತಿದೀನಿ. ಅಳೋರಿಗೇ ಅವರು ಏನಾದ್ರೂ ಕೊಡೋದು."

"ಹಂಗಾದ್ರೆ ಬಾಕಿ ಸಂಬಳಕ್ಕೆ ಅಳ್ತೀನಿ, ಅಲ್ಲಿ ಬೇಕಾದಷ್ಟು ಅಳಿಸಿ. ಕೆಲಸಕ್ಕೆ ಬೇಡ. ನಡೀತಾಳೆ ಅಂತ ಬರೀರಿ. ಮಳೇಲೂ ನಡೆದಿದಾಳೆ, ಹಿಮದಲ್ಲೂ ನಡೆದಿದಾಳೆ, ಗಾಡಿ ಒಂದಿನಾನೂ ಇವಳಿಗೋಸ್ಕರ ಕಾಯ್ಲಿಲ್ಲ, ಒಂದು ಕಾಗದಾನೂ ನೆನೀಲಿಲ್ಲ ಅಂತ ಬರೀರಿ."

"ಇದು ಅರ್ಜಿ ಥರಾನೇ ಇಲ್ಲ. ಜಂಬ ಕೊಚ್ಕೊಂಡ ಹಾಗಿದೆ."

"ನಿಜ ಅಲ್ವಾ?"

ಮೇಷ್ಟರು ಗೊಣಗುತ್ತಲೇ ಬರೆದರು. ಅವಳು ಕೆಳಗೆ ಸಹಿಯ ಬದಲು ಶಿಲುಬೆಯ ಗುರುತು ಹಾಕಿದಳು. ಒಣಗಲೆಂದು ಮರಳು ಚೆಲ್ಲುತ್ತ ಮೇಷ್ಟರು ತಲೆಯೆತ್ತದೆ ಅಂದರು: "ನಿಮ್ಮ ಮನೇಲಿ ನನಗೆ ಈ ವಾರ ಒಳ್ಳೆ ಸುಗ್ಗಿ."

"ಅಂದ್ರೆ?"

"ನಿನ್ನೆ ಥೇಡಿ ಬಂದಿದ್ದ, ನಿಮ್ಮತ್ತೆಯನ್ನ ಕರ್ಕೊಂಡು. ಅವನೂ ಅದೇ ಜಾಗ ಕೇಳಿದಾನೆ. ನಿನಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ..."

ಸಬೀನಾ ಮನೆ ಮುಟ್ಟಿದಾಗ ಹನೋರಾ ಹಂದಿಗೆ ಸಿಪ್ಪೆ ಹಾಕುತ್ತಿದ್ದಳು. ಥೇಡಿ ಗೋಡೆಗೊರಗಿ ಕೂತು ಸಲಿಕೆಗೆ ಹಿಡಿ ಕೂಡಿಸುತ್ತಿದ್ದ.

"ನನ್ನ ಬೆನ್ನ ಹಿಂದೆ ಹೋಗಿ ಗುರುತು ಹಾಕಿ ಬಂದ್ರಾ, ಅತ್ತೆ?"

ಹನೋರಾಳ ಕೈ ನಿಂತಿತು. "ಹಾಕ್ದೆ."

"ಏನು ಬರೆಸಿದ್ರಿ?"

"ನನಗೆ ಉಳಿದಿರೋನು ಇವನೊಬ್ನೇ, ಇವನನ್ನೇ ನೆಚ್ಕೊಂಡಿದೀನಿ ಅಂತ. ಸುಳ್ಳಾ ಅದು?"

"ಅತ್ತಿಗೆ, ಕೇಳು" ಎಂದು ಥೇಡಿ ಎದ್ದ. "ಬೋಲನ್ ಮನೆಯ ಏಲಿಸ್‌ನ ಕೇಳಿದೀನಿ. ಅವರಪ್ಪ ಏನಂದ ಗೊತ್ತಾ? 'ಸರ್ಕಾರದ ಸಂಬಳ ಇದ್ರೆ ಬಾ, ಇಲ್ದಿದ್ರೆ ಬಾಗಿಲ ಕಡೆ ತಲೆ ಹಾಕ್ಬೇಡ' ಅಂದ. ನನಗೆ ಮೂವತ್ತೆರಡು. ಎಷ್ಟು ವರ್ಷ ಅಂತ ಕಂಡೋರ ಕೊಟ್ಟಿಗೇಲಿ ಮಲಗ್ಲಿ? ಕೆಲಸ ಸಿಕ್ರೆ ನಿನ್ನನ್ನೂ ಪೆಗ್‌ನೂ ನಾನೇ ಸಾಕ್ತೀನಿ."

"ನನ್ನ ಅನ್ನ ನಾನೇ ನಡೆದು ತಗೊಂಡು ಬರ್ತಿದೀನಿ, ಥೇಡಿ. ನಿನ್ನನ್ನ ಕೇಳಿದ್ನಾ?"

"ಅಣ್ಣನ ಕೆಲಸ ತಮ್ಮನಿಗೆ ಬರೋದು ಲೋಕಾರೂಢಿ."

"ಅಣ್ಣ ಕೆಮ್ತಾ ಬಿದ್ದಿದ್ದಾಗ ಲೋಕ ಎಲ್ಲಿತ್ತು? ತಮ್ಮ ಎಲ್ಲಿದ್ದ?"

ಥೇಡಿಯ ಮುಖ ಕೆಂಪಾಯಿತು. ಅವನು ಸಲಿಕೆಯನ್ನು ಅಲ್ಲೇ ಬಿಟ್ಟು ದಾರಿಯ ಕಡೆ ನಡೆದ. ಹನೋರಾ ಸೊಸೆಯ ಹತ್ತಿರ ಬಂದಳು. ಸಿಟ್ಟಿನಿಂದ ಶುರುವಾದ ಮಾತು ಅರ್ಧದಲ್ಲೇ ಒಡೆಯಿತು.

"ನಿನ್ನ ಮೇಲೆ ದ್ವೇಷ ಏನಿಲ್ಲ ಕಣೆ. ಕೆಲಸ ಸಿಗ್ದಿದ್ರೆ ಇವನು ಲಿವರ್‌ಪೂಲಿಗೆ ಹೋಗ್ತಾನೆ, ಅಲ್ಲಿಂದ ಹಡಗು. ಹಡಗು ಹತ್ತಿದೋನು ಯಾವನು ತಿರುಗಿ ಬಂದ? ಒಬ್ಬನ್ನ ಮಣ್ಣಿಗೆ ಕೊಟ್ಟೆ, ಇನ್ನೊಬ್ಬನ್ನ ನೀರಿಗೆ ಕೊಡ್ಲಾ? ನೀನು ಎಲ್ಲಿಗೂ ಹೋಗಲ್ಲ. ನಿನಗೆ ಪೆಗ್ ಇದಾಳೆ."

ನೀನು ಎಲ್ಲಿಗೂ ಹೋಗಲ್ಲ. ಹಂದಿಗೂಡಿನ ಮುಂದೆ ನಿಂತ ಸಬೀನಾಳಿಗೆ ಆ ಮಾತು ಎಲ್ಲ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಎರಡು ಅರ್ಜಿಗಳೂ ಒಂದೇ ದಿನ ಅಂಚೆಗೆ ಬಂದವು. ಹ್ಯಾಲ್ಪಿನ್ ಸಾಹೇಬರು ಎರಡನ್ನೂ ಎತ್ತಿ ಹಿಡಿದು, "ಒಂದೇ ಕೈಬರಹ, ಒಂದೇ ಮನೆ. ಡಬ್ಲಿನ್ನಿನವರು ತಲೆ ಕೆರ್ಕೊಳ್ತಾರೆ" ಎಂದು ನಗುತ್ತ ಚೀಲದೊಳಗೆ ಹಾಕಿದರು. ಅವನ್ನು ಬ್ಯಾಲಿನೋರಿಗೆ ಮುಟ್ಟಿಸಬೇಕಾದವಳು ಸಬೀನಾಳೇ.

ಜೌಗುನೆಲದ ನಡುವಿನ ದಾರಿಯಲ್ಲಿ ಅವಳು ನಿಂತಳು. ಎರಡೂ ಬದಿಗೆ ಕಪ್ಪು ನೀರು, ಯಾರ ಸುಳಿವೂ ಇಲ್ಲ. ಚೀಲದ ಪಟ್ಟಿ ಬಿಚ್ಚಿ ಎರಡು ಕಾಗದಗಳನ್ನೂ ಹೊರಗೆ ತೆಗೆದಳು. ಯಾವುದು ತನ್ನದು, ಯಾವುದು ಥೇಡಿಯದು ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ತಿಳಿದಿದ್ದರೆ ಏನು ಮಾಡುತ್ತಿದ್ದಳೋ ಎಂದು ಆಮೇಲೆ ಬಹಳ ಸಲ ತನ್ನನ್ನೇ ಕೇಳಿಕೊಂಡಳು. ಪೆಗ್‌ಗೆ ತೋರಿಸಿದ್ದರೆ ಅವಳು ಓದಿ ಹೇಳುತ್ತಿದ್ದಳು. ನಾಳೆಗೆ ಇಟ್ಟುಕೊಂಡರೆ ಕೇಳುವವರು ಯಾರು? ಗಾಳಿಗೆ ಕಾಗದಗಳು ಅವಳ ಕೈಯಲ್ಲಿ ಪಟಪಟ ಬಡಿದುಕೊಂಡವು. ಅವಳು ಎರಡನ್ನೂ ಶಾಲಿನಿಂದ ಒರೆಸಿ ಒಳಗಿಟ್ಟು ಪಟ್ಟಿ ಬಿಗಿದಳು. ನಿಂತ ಹೊತ್ತನ್ನು ಸರಿದೂಗಿಸಲು ಉಳಿದ ದಾರಿಯನ್ನು ಅರ್ಧ ಓಡುತ್ತಲೇ ಮುಗಿಸಿದಳು. ಗಾಡಿ ಆ ದಿನವೂ ಅವಳಿಗಾಗಿ ಕಾಯಬೇಕಾಗಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆಯೊಳಗೆ ಮಾತು ಪೆಗ್‌ನ ಮೂಲಕ ನಡೆಯಿತು.

"ಪೆಗ್, ನಿಮ್ಮ ಚಿಕ್ಕಪ್ಪನಿಗೆ ಉಪ್ಪು ಬೇಕಾ ಕೇಳು."

"ಪೆಗ್, ನಿಮ್ಮಮ್ಮನಿಗೆ ಹೇಳು, ನಾಳೆ ಕೆಳಗಿನ ಪಾತೀಲಿ ಆಲೂಗಡ್ಡೆ ಹಾಕ್ತೀನಿ, ಬೀಜ ಹೆಚ್ಚಿಡ್ಲಿ ಅಂತ."

"ನೀವೇ ಹೇಳ್ಕೊಳ್ಳಿ. ನಿಮ್ಮ ಅಂಚೆ ಹೊರೋಕೆ ನನಗೇನು ಸಂಬಳ ಬರುತ್ತಾ?" ಎಂದು ಪೆಗ್ ಒಂದು ದಿನ ಬುಟ್ಟಿಯ ಮುಂದಿನಿಂದ ಎದ್ದೇ ಹೋದಳು. ಹನೋರಾ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ಥೇಡಿ ಮಜ್ಜಿಗೆಯೊಳಗೆ ನೋಡುತ್ತ ನಕ್ಕ. ಆ ರಾತ್ರಿ ಅತ್ತಿಗೆ ಮೈದುನ ಉಪ್ಪು, ಬೀಜಗಳ ಮಟ್ಟಿಗೆ ಮಾತಾಡಿಕೊಂಡರು.

ಏಪ್ರಿಲ್‌ನಲ್ಲಿ ಏಲಿಸ್ ಬೋಲನ್ ಯಾವುದೋ ನೆಪ ಮಾಡಿಕೊಂಡು ಬಂದಳು, ಒಂದು ಜಾಡಿ ಬೆಣ್ಣೆ ತಂದಿದ್ದಳು. ಅಷ್ಟೇನೂ ಎಳೆಯ ಹುಡುಗಿಯಲ್ಲ, ತುಂಬ ಸಂಕೋಚದ ಸ್ವಭಾವ. ಹೋಗುವಾಗ ಬಾಗಿಲ ಬಳಿ ಸಬೀನಾಳ ಕೈ ಹಿಡಿದು, "ಅಕ್ಕಾ, ಡಬ್ಲಿನ್ನಿಂದ ಏನಾದ್ರೂ ಬಂತಾ?" ಎಂದು ಪಿಸುಗುಟ್ಟಿದಳು. ಅರೆಬಾಗಿಲುಗಳ ಮೇಲೆ ಕಾಯುವ ಹೆಂಗಸರ ಮುಖ ಅವಳದ್ದು. ಬಿರುಸಾಗಿ ಏನಾದರೂ ಹೇಳಬೇಕೆಂದಿದ್ದ ಸಬೀನಾ, "ಇನ್ನೂ ಇಲ್ಲಮ್ಮಾ" ಎಂದಷ್ಟೇ ಅಂದಳು.

ಉತ್ತರ ಬಂದದ್ದು ಮೇ ತಿಂಗಳಲ್ಲಿ. ಅದನ್ನೂ ಹೊತ್ತು ತಂದವಳು ಅವಳೇ. ಬ್ಯಾಲಿನೋರಿನಲ್ಲಿ ಗಾಡಿಯವನು, "ಸರ್ಕಾರಿ ಮುದ್ರೆ ಎರಡಿದೆ, ಹುಷಾರು" ಎಂದಿದ್ದ. ಹಿಂದಿರುಗುವ ದಾರಿಯಲ್ಲಿ ಅವಳು ಬೇಕೆಂದೇ ನಿಧಾನವಾಗಿ ನಡೆದಳು. ಮುಳ್ಳುಪೊದೆಗಳ ತುಂಬ ಹಳದಿ ಹೂ ಬಿಟ್ಟಿತ್ತು. ಚೀಲದೊಳಗೆ ಏನೇ ಇರಲಿ, ಅಂಗಡಿ ಮುಟ್ಟುವ ತನಕ ಈ ದಾರಿ ನನ್ನದೇ ಎಂದುಕೊಂಡಳು.

ಹ್ಯಾಲ್ಪಿನ್ ಸಾಹೇಬರು ಅಂಗಡಿಯಲ್ಲೇ ಒಡೆದು ಓದಿದರು. ಥೇಡಿಯೂ ಹನೋರಾಳೂ ಬಂದು ನಿಂತಿದ್ದರು. ಇಬ್ಬರಿಗೂ ಬಂದ ಉತ್ತರ ಒಂದೇ: ಇಂಥ ನೇಮಕಗಳಲ್ಲಿ ಕೈಹಾಕಲು ಡಬ್ಲಿನ್ನಿನ ಪ್ರಭುಗಳು ಇಷ್ಟಪಡುವುದಿಲ್ಲ, ಅದು ಆಯಾ ಊರಿನ ಅಂಚೆಯವರಿಗೆ ಬಿಟ್ಟದ್ದು. ಸಬೀನಾಳ ಕಾಗದದಲ್ಲಿ ಇನ್ನೊಂದು ಸಾಲಿತ್ತು: ಮೃತನ ಬಾಕಿ ಸಂಬಳವನ್ನು ವಿಧವೆಗೆ ಕೊಡತಕ್ಕದ್ದು.

"ಅಂದ್ರೆ ನೀವೇ ಹೇಳ್ಬೇಕು" ಎಂದಳು ಸಬೀನಾ.

ಸಾಹೇಬರು ಕನ್ನಡಕ ತೆಗೆದು ಬಟ್ಟೆಯಿಂದ ಒರೆಸಿದರು. ಒರೆಸುವುದು ಮುಗಿದರೂ ಒರೆಸುತ್ತಲೇ ಇದ್ದರು. "ಸಬೀನಾ, ನಿನ್ನ ಕೆಲಸದ ಮೇಲೆ ನನ್ನದೊಂದು ದೂರಿಲ್ಲ. ಆದ್ರೆ ನಾಳೆ ಯಾವನಾದ್ರೂ ಮೇಲಿನವನು ಬಂದು, ಹೆಂಗಸಿನ ಹತ್ರ ಸರ್ಕಾರದ ಚೀಲ ಯಾಕೆ ಕೊಟ್ಟೆ ಅಂದ್ರೆ ನಾನೇನು ಹೇಳ್ಲಿ? ಅದೂ ಮನೇಲಿ ಗಟ್ಟಿಮುಟ್ಟಾದ ಗಂಡಸು ಇರುವಾಗ?"

"ಇಲ್ಲಿ ತನಕ ಯಾರೂ ಕೇಳಿರ್ಲಿಲ್ಲ."

"ಇಲ್ಲಿ ತನಕ ಅಂಥ ಗಂಡಸು ಇರ್ಲಿಲ್ಲ."

ಥೇಡಿ ಗೆದ್ದವನಂತೆ ನಿಂತಿರಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಸಬೀನಾ ಹೆಗಲಿನಿಂದ ಚೀಲ ಇಳಿಸಿ ಅಂಗಡಿಯ ಹಲಗೆಯ ಮೇಲಿಟ್ಟಳು. ಹೆಗಲಿನ ಬಟ್ಟೆ ಪಟ್ಟಿಯ ಅಗಲಕ್ಕೆ ಸವೆದು ತೆಳ್ಳಗಾಗಿತ್ತು. ಅವಳು ಥೇಡಿಯ ಕಡೆ ನೋಡದೆ ಹೇಳಿದಳು:

"ಜೌಗಿನ ಹತ್ರ ಮಳೆ ಬಂದ್ರೆ ಬಲಗಡೆ ದಂಡೆ ಮೇಲೆ ಹೋಗು, ಎಡಗಡೆ ಕುಸಿಯುತ್ತೆ. ಸುಣ್ಣದ ಗೂಡಿನ ಮನೆಯ ನಾಯಿ ಬೊಗಳುತ್ತೆ, ಕಚ್ಚಲ್ಲ. ಅದರ ಪಕ್ಕದ ಮುದುಕಿ ಮಗನ ಕಾಗದ ಕೇಳ್ತಾಳೆ. ಮಗ ಸತ್ತು ಎಷ್ಟೋ ವರ್ಷ ಆಯ್ತು. ಇವತ್ತಿಲ್ಲ ಅನ್ನು, ಸಾಕು. ಇನ್ನೇನೂ ಹೇಳ್ಬೇಡ."

"ಆಯ್ತು, ಅತ್ತಿಗೆ" ಎಂದ ಥೇಡಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಬಾಕಿ ಸಂಬಳದ ಬಹುಪಾಲು ಗೇಣಿಗೆ ಹೋಯಿತು. ಉಳಿದದ್ದರಲ್ಲಿ ಕಾನ್‌ನ ಸಮಾಧಿಗೆ ಒಂದು ಕಲ್ಲು ಹಾಕಿಸಿದರು, ಪೆಗ್‌ಗೆ ಒಂದು ಜೊತೆ ಬೂಟು ಬಂತು. ಜೂನ್ ತಿಂಗಳಲ್ಲಿ ಥೇಡಿಯ ಮದುವೆಯಾಯಿತು. ಒಂದು ಒಲೆಗೆ ಇಬ್ಬರು ಸೊಸೆಯರಾದರು. ಏಲಿಸ್ ಒಳ್ಳೆಯವಳೇ. ಕೇಳದೆ ಒಂದು ಪಾತ್ರೆಯನ್ನೂ ಸರಿಸುತ್ತಿರಲಿಲ್ಲ. ಅದೇ ಕೆಲವೊಮ್ಮೆ ಸಬೀನಾಳಿಗೆ ಅಸಹನೀಯವಾಗುತ್ತಿತ್ತು. ಒಲೆಗೆ ಉರಿಸಲು ಜೌಗಿನ ಮಣ್ಣಿನ ಹೆಂಟೆಗಳನ್ನು ಕಡಿದು ಒಣಗಿಸುವ ಕಾಲ ಅದು. ದಿನವಿಡೀ ಬೆನ್ನು ಬಗ್ಗಿಸಿ ದುಡಿದರೂ ಅವಳಿಗೆ ಸಂಜೆ ಕಾಲು ದಣಿದಿರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು. ಎದ್ದು ಕೂರುವಳು, ಹೋಗಲು ಜಾಗವಿಲ್ಲ ಎಂದು ನೆನಪಾಗಿ ಮತ್ತೆ ಮಲಗುವಳು.

ಜುಲೈನಲ್ಲಿ ಒಂದು ದಿನ ಅವಳು ಯಾರಿಂದಲೂ ಬಚ್ಚಿಡದೆ ಮತ್ತೆ ಮೇಷ್ಟರ ಬಳಿ ಹೋಗಿ ಬಂದಳು.

"ಏನು ಬರೆಸ್ದೆ?" ಎಂದು ಹನೋರಾ ಕೇಳಿದಳು.

"ಬಡಗು ಕಡೆ, ಕಡಲಂಚಿನ ಹಳ್ಳಿಗಳ ದಾರೀಲಿ ನನಗೆ ಕೆಲಸ ಬೇಕು ಅಂತ."

"ಅಲ್ಲಿಗೆ ಅಂಚೇನೇ ಇಲ್ವಲ್ಲೇ?"

"ಇಲ್ಲ. ಅದಕ್ಕೇ ಕೇಳ್ತಿರೋದು."

"ಹುಚ್ಚಿ" ಎಂದಳು ಹನೋರಾ. ಒಲೆಯ ಬೂದಿ ಕೆದಕುತ್ತ ಮತ್ತೆ, "ಮೇಷ್ಟ್ರು ಏನಂದ್ರು?" ಎಂದಳು.

"ಅದನ್ನೇ ಅಂದ್ರು. ಆದ್ರೂ ಬರೆದ್ರು."

ಅದಕ್ಕೆ ಉತ್ತರ ಬರಲಿಲ್ಲ. ಜುಲೈ ಕಳೆಯಿತು, ಆಗಸ್ಟೂ ಅರ್ಧ ಕಳೆಯಿತು. ಥೇಡಿ ದಿನಾ ಸಂಜೆ ಒಳಗೆ ಕಾಲಿಡುತ್ತಲೇ ಅತ್ತಿಗೆಯ ಕಡೆ ನೋಡಿ, ಕೇಳದಿದ್ದರೂ ತಲೆ ಅಲ್ಲಾಡಿಸುತ್ತಿದ್ದ. ಅವಳೂ ತಲೆ ಅಲ್ಲಾಡಿಸಿ ಬುಟ್ಟಿ ಮುಂದಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಎಂದಿನಂತೆ ಎದ್ದು ಕೂತಾಗ ಹನೋರಾ ಒಲೆಯ ಮುಂದೆ ಆಗಲೇ ಎಚ್ಚರವಾಗಿದ್ದಳು.

"ಸೇತುವೆ ಆಚೆ ಏನಿದೆಯೇ?"

"ಏನತ್ತೆ?"

"ನಾನು ಸೇತುವೆ ದಾಟೇ ಇಲ್ಲ. ಈ ಮನೆಗೆ ಬಂದು ನಲವತ್ತು ವರ್ಷ ಆಗ್ತಾ ಬಂತು. ಕಾನ್ ದಿನಾ ಹೋಗ್ತಿದ್ದ, ಬರ್ತಿದ್ದ, ಒಂದು ಮಾತಾಡ್ತಿರ್ಲಿಲ್ಲ. ಈಗ ಅವನನ್ನ ನೆನೆಸ್ಕೊಂಡ್ರೆ ಈ ಬಾಗಿಲಲ್ಲಿ ಬೆನ್ನು ಮಾತ್ರ ಕಾಣುತ್ತೆ. ಆಮೇಲೆ ಎಲ್ಲಿಗೆ ಹೋದ ಅಂತ ನನಗೆ ಗೊತ್ತಾಗಲ್ಲ."

ಸಬೀನಾ ಅತ್ತೆಯ ಶಾಲು ತಂದು ಹೊದಿಸಿದಳು. ಒಲೆಯನ್ನು ಏಲಿಸ್‌ಗೆ ಬಿಟ್ಟು ಇಬ್ಬರೂ ಹೊರಟರು. ಹನೋರಾ ಸೊಸೆಯ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು ನಡೆದಳು. ಸೇತುವೆ ದಾಟುವ ಹೊತ್ತಿಗೆ ಬಿಸಿಲು ಬಂದಿತ್ತು. ಏರಿನ ಬುಡದಲ್ಲಿ ಒಂದು ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಸಬೀನಾ ಕೈ ಮಾಡಿ ತೋರಿಸಿದಳು: ಅಲ್ಲಿ ಸುಣ್ಣದ ಗೂಡು, ಅಲ್ಲಿ ತಿರುವು, ಮಳೆ ಬಂದರೆ ಕಾನ್ ನಿಲ್ಲುತ್ತಿದ್ದನೆಂದು ಜನ ಹೇಳುವ ಹಾಳು ಚರ್ಚಿನ ಗೋಡೆ. ಹನೋರಾ ಪ್ರತಿಯೊಂದನ್ನೂ ಬಹಳ ಹೊತ್ತು ನೋಡಿದಳು.

ಹಿಂದಿನಿಂದ ಥೇಡಿ ಬಂದ. ಚೀಲ ಬೆನ್ನಿಗಿತ್ತು. "ಅವ್ವಾ! ಇಲ್ಲೇನು ಮಾಡ್ತಿದೀಯಾ?"

"ಕೂತಿದೀನಿ, ಕಾಣಲ್ವಾ? ನೀನು ನಡಿ, ಗಾಡಿ ಹೊರಟು ಹೋಗುತ್ತೆ."

ಅವನು ನಗುತ್ತ ಟೋಪಿ ಎತ್ತಿ ಏರು ಹತ್ತಿದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಹನೋರಾ ನೋಡಿದಳು. ಸಬೀನಾ ತನಗೇ ಅರಿವಿಲ್ಲದೆ ಅವನ ಹಿಂದೆ ಎರಡು ಹೆಜ್ಜೆ ಇಟ್ಟಿದ್ದಳು.

"ನಾನು ತಪ್ಪು ಮಾಡ್ದೆ ಅಂತ ಹೇಳಲ್ಲ ಸಬೀನಾ" ಎಂದಳು ಹನೋರಾ. "ಅವನು ಮನೇಲಿದಾನೆ. ಮತ್ತೆ ಗುರುತು ಹಾಕು ಅಂದ್ರೂ ಅವನಿಗೇ ಹಾಕ್ತೀನಿ."

"ಗೊತ್ತು, ಅತ್ತೆ."

"ಆದ್ರೆ ಅವನದು ಬರೀ ಕಾಲೆಳೆಯೋದು. ನೀನು ಹೋಗೋದನ್ನ ನಾನು ದಿನಾ ಬಾಗಿಲಿಂದ ನೋಡ್ತಿದ್ದೆ. ನಡಿಗೆ ಅಂದ್ರೆ ಅದು."

ಸಬೀನಾ ಬಗ್ಗಿ, ಜಾರಿದ್ದ ಅತ್ತೆಯ ಶಾಲನ್ನು ಎಳೆದು ಸರಿಮಾಡಿದಳು.

"ಹೋಗು, ಸ್ವಲ್ಪ ದೂರ ಹೋಗಿ ಬಾ. ನಾನಿಲ್ಲೇ ಕೂತಿರ್ತೀನಿ."

"ಎಲ್ಲಿಗೆ?"

"ಎಲ್ಲಿಗೋ. ಸುಮ್ನೆ."

ಸಬೀನಾ ಅತ್ತೆಯ ಮುಖ ನೋಡಿದಳು. ಆಮೇಲೆ ತಿರುಗಿ ಏರು ಹತ್ತತೊಡಗಿದಳು. ಮೊದಲು ನಿಧಾನವಾಗಿ, ಯಾರೋ ಹಿಂದಕ್ಕೆ ಕರೆದಾರು ಎನ್ನುವ ಹಾಗೆ. ಯಾರೂ ಕರೆಯಲಿಲ್ಲ. ಕಾಲು ತಾನಾಗಿ ಬಿರುಸಾಯಿತು. ಏರಿನ ತುದಿಯಲ್ಲಿ ಗಾಳಿ ಅವಳ ಶಾಲನ್ನು ಹಿಂದಕ್ಕೆ ಹಾರಿಸಿತು. ಕೆಳಗೆ ಕಲ್ಲಿನ ಮೇಲೆ ಕೂತ ಮುದುಕಿಗೆ, ಸೊಸೆ ಅಲ್ಲಿ ನಿಂತು ಹಿಂತಿರುಗುವಳು ಎನ್ನಿಸಿತು. ಸಬೀನಾ ನಿಲ್ಲಲಿಲ್ಲ. ಅವಳು ತಿರುವನ್ನೂ ದಾಟಿದಳು.